ನೆಲಮಾಳಿಗೆಯ ಕೀಲಿಕೈ

ಲುಂಕಾ
೧೯ ಅಕ್ಟೋಬರ್ ೨೦೦೩

ಪ್ರೀತಿಯ ರಾಯಿಸಾ,

ಗೆನಾಡಿಯ ವ್ಯಾನು ಶುಕ್ರವಾರ ಇಟಲಿಗೆ ಹೊರಡುತ್ತದೆ. ಅವನ ಕೈಯಲ್ಲಿ ಜೇನು, ಒಂದು ಚೀಲ ಅಕ್ರೋಟು ಮತ್ತು ಈ ಪತ್ರ ಕಳಿಸುತ್ತಿದ್ದೇನೆ. ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಅಂಚೆಕಚೇರಿಯಲ್ಲಿ ಫೋನು ಹಿಡಿದರೆ ಹಿಂದೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಕೆಮ್ಮುವುದನ್ನೂ ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ. ನಮ್ಮ ಮನೆಯ ಮಾತು ಅವರಿಗೆ ಯಾಕೆ?

ದ್ರಾಕ್ಷಿ ಈ ಸಲ ಚೆನ್ನಾಗಿ ಬಂತು. ಹಿಂಡಿ ಪೀಪಾಯಿಗಳನ್ನು ತುಂಬಿಸಿದ್ದೇವೆ. ರಸ ಈಗ ನೆಲಮಾಳಿಗೆಯಲ್ಲಿ ಹುದುಗು ಬಂದು ಗೊಳಗೊಳ ಎನ್ನುತ್ತಿದೆ. ಈ ದಿನಗಳಲ್ಲಿ ಮೇಣದಬತ್ತಿ ಹಚ್ಚಿಕೊಳ್ಳದೆ ಯಾರೂ ಕೆಳಗಿಳಿಯಕೂಡದು ಎಂದು ಮಕ್ಕಳಿಗೆ ಮತ್ತೆ ಹೇಳಿದ್ದೇನೆ. ಬತ್ತಿ ಆರಿತೆಂದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ. ತಿರುಗಿ ಓಡಿ ಬರಬೇಕು. ನೀನು ಚಿಕ್ಕವಳಿದ್ದಾಗ ನಿನ್ನ ಅಮ್ಮ ಇದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಈಗ ನಿನ್ನ ಮಗಳ ವಿಷಯ. ವಾರ್ಯಾಳಿಗೆ ಹದಿನೇಳು ತುಂಬಿತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿದೆ. ಬೇಸಿಗೆಯೆಲ್ಲ ನಿಸ್ತ್ರು ನದಿಯಲ್ಲಿ ಗಂಡುಹುಡುಗರ ಜೊತೆ ಪಂದ್ಯ ಕಟ್ಟಿ ಮುಳುಗಿದಳು. ನೀರೊಳಗೆ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂಬ ಪಂದ್ಯ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇವಳು ಸತ್ತೇ ಹೋದಳೆಂದು ಬಾಯಿ ಬಡಿದುಕೊಂಡ ಮೇಲೆ ನಗುತ್ತಾ ಎದ್ದು ಬಂದಳಂತೆ. ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಾಳೆ. ಮೊನ್ನೆ ಒಂದು ಹೂಜಿ ವೈನು ತುಂಬಿಕೊಂಡು ಹೋಗಿ ಕ್ಲಬ್ಬಿನ ಹಿಂದೆ ಗೆಳತಿಯರಿಗೆಲ್ಲ ಕುಡಿಸಿದ್ದಾಳೆ. ನಾನು ಬೈದೆ. ಅದಕ್ಕವಳು, "ರುಚಿ ನೋಡಿದೆ ತಾತ, ಹುಳಿ ಇತ್ತು. ಇನ್ನೊಂದ್ಸಲ ತಗೊಳ್ಳಲ್ಲ, ಬಿಡಿ," ಎಂದಳು! ನನ್ನ ವೈನನ್ನು!

ನಿನ್ನ ಮಗ ಎಮಿಲಿಯಾನ್, ನಿನ್ನ ಎಮಿಲ್, ಎಂದಿನಂತೆ. ಹದಿನಾಲ್ಕರ ಹುಡುಗ ಮನೆಯಲ್ಲಿದ್ದಾನೆಂದು ಗೊತ್ತೇ ಆಗುವುದಿಲ್ಲ. ಬಾಯಿಗೆ ಬೆರಳಿಟ್ಟರೂ ಕಚ್ಚುವವನಲ್ಲ. ಸೌದೆ ಒಡಿ ಎಂದರೆ ಒಡೆಯುತ್ತಾನೆ, ಜೇನುಗೂಡು ಎತ್ತು ಎಂದರೆ ಎತ್ತುತ್ತಾನೆ, ಯಾವುದಕ್ಕೂ ಬೇಡ ಅಂದವನಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಕಿವಿ ಕೆಂಪಗೆ ಮಾಡಿಕೊಂಡು ನಿಲ್ಲುತ್ತಾನಂತೆ. ಓರಗೆಯ ಹುಡುಗರು ಆಟಕ್ಕೆ ಕರೆಯುವುದಿಲ್ಲ. ಇರಲಿ, ಕೆಟ್ಟ ಸಹವಾಸ ತಪ್ಪಿತು. ಇವನ ಚಿಂತೆ ನಿನಗೆ ಬೇಡ. ಆ ಹುಡುಗಿಗೆ ಏನು ಮಾಡಲಿ, ಹೇಳು.

ನಿನ್ನ ಅಪ್ಪ
ಹರಲಾಂಪಿಯೆ


ಪಾದುವಾ
೪ ನವೆಂಬರ್ ೨೦೦೩

ಅಪ್ಪಾ,

ಜೇನು ತಲುಪಿತು. ನಾನು ನೋಡಿಕೊಳ್ಳುವ ಸಿನ್ಯೋರಾ ಒಂದು ಚಮಚ ತಿಂದು ಇನ್ನೊಂದು ಕೇಳಿದರು. ಎಂಬತ್ತೊಂಬತ್ತರ ಮುದುಕಿ, ನಾನು ಊಟ ಮಾಡಿಸುವಾಗ ನನ್ನನ್ನು ತಮ್ಮ ತಂಗಿ ಎಂದುಕೊಳ್ಳುತ್ತಾರೆ. ನಾನು ಚೆನ್ನಾಗಿದ್ದೇನೆ. ಕೋಣೆ ಬೆಚ್ಚಗಿದೆ.

ವಾರ್ಯಾಳ ವಿಷಯ ಓದಿ ಭಯವಾಯಿತು. ಅವಳು ಅವರಪ್ಪನೇ. ಅನತೋಲ್ ಹೀಗೇ ಅಲ್ಲವೇ ಇದ್ದದ್ದು? ಎಲ್ಲೂ ನಿಲ್ಲದ ಮನುಷ್ಯ. ಮದುವೆಮನೆಗಳಲ್ಲಿ ಮೇಜಿನ ಮೇಲೆ ಹತ್ತಿ ಹಾಡಿದ್ದು, ಹೊಸಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ್ದು, ಕೊನೆಗೆ ಪಕ್ಕದೂರಿನ ಹಬ್ಬದಿಂದ ಕುಡಿದು ಬರುವಾಗ ಹಿಮದಲ್ಲಿ ಮಲಗಿ ಬೆಳಗಾಗುವುದರೊಳಗೆ ಮರಗಟ್ಟಿ ಸತ್ತದ್ದು. ಎಮಿಲ್‌ಗೆ ಆಗ ಐದು ವರ್ಷ. ನನ್ನ ಮಗಳು ಅದೇ ದಾರಿ ಹಿಡಿದರೆ ನಾನು ಇಲ್ಲಿ ಯಾರದೋ ಮನೆಯ ಮುದುಕಿಯನ್ನು ತೊಳೆದು ಏನು ಪ್ರಯೋಜನ?

ಒಂದು ಕೆಲಸ ಮಾಡಿ. ನೆಲಮಾಳಿಗೆಗೆ ಬೀಗ ಹಾಕಿ. ಕೀಲಿಯನ್ನು ನಿಮ್ಮ ಕೋಟಿನ ಜೇಬಿನಲ್ಲಿ ಇಡಬೇಡಿ, ಅವಳು ನೀವು ನಿದ್ದೆ ಹೋದಾಗ ತೆಗೆಯುತ್ತಾಳೆ. ಎಮಿಲ್ ಕೈಗೆ ಕೊಡಿ. ಅವನಿಂದ ಅದನ್ನು ಕಸಿಯಲು ಅವಳಿಗೂ ಮನಸ್ಸು ಬರುವುದಿಲ್ಲ. ಅವನು ನನ್ನ ಹಾಗೆ. ಕೊಟ್ಟದ್ದನ್ನು ಕಾಯುತ್ತಾನೆ.

ಬರಬೇಕೆಂದು ಆಸೆ ಬಹಳ. ಆದರೆ ಇಲ್ಲಿಯ ಪರವಾನಗಿ ಸಿಗುವ ಮುಂಚೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಎಮಿಲ್‌ಗೆ ನೀಲಿ ಜಾಕೆಟ್ಟು ಕಳಿಸಿದ್ದೇನೆ.

ರಾಯಿಸಾ


ಲುಂಕಾ
೧೫ ಜನವರಿ ೨೦೦೪

ಪ್ರೀತಿಯ ರಾಯಿಸಾ,

ಕುಳಿತು ಓದು. ನಿಂತಿದ್ದರೆ ಬಿದ್ದೀಯೆ.

ನಿನ್ನ ಮಗ ನೇಗಿಲ ಹಾಡು ಹೇಳಿದ! ಹಳೇ ಪಂಚಾಂಗದ ಹೊಸ ವರ್ಷದ ಸಂಜೆ ಹುಡುಗರ ತಂಡ ಗಂಟೆ ಬಾರಿಸುತ್ತಾ, ಚಾಟಿ ಬೀಸುತ್ತಾ ಮನೆಮನೆಗೆ ಹೊರಟಿತಲ್ಲ, ಅದರಲ್ಲಿ ಹಾಡು ಹೇಳುವವನಿಗೆ ಗಂಟಲು ಕಟ್ಟಿತ್ತಂತೆ. ತಂಡದ ಮುಖಂಡ ಡೊರಿನ್, ಗಿರಣಿಯವನ ಮಗ, ನಮ್ಮ ಬಾಗಿಲಿಗೆ ಬಂದು, "ಏ ಎಮಿಲ್, ನಿಂಗೆ ಪದ ಎಲ್ಲಾ ಬರುತ್ತಲ್ವೇನೋ? ಬಾ," ಎಂದ. ಇವನು ಎಂದಿನ ಹಾಗೆ ಒಲೆಯ ಹಿಂದಕ್ಕೆ ಸರಿದ. ನಾನೇ ಅವನಿಂದ ಕೀಲಿ ಇಸಿದುಕೊಂಡು ಕೆಳಗೆ ಹೋಗಿ ಹೂಜಿ ತುಂಬಿ ತಂದು ಎಲ್ಲರಿಗೂ ಕೊಟ್ಟೆ, ಇವನಿಗೂ ಒಂದು ಲೋಟ. ಹಬ್ಬದಲ್ಲಿ ಬಾಗಿಲಿಗೆ ಬಂದವರಿಗೆ ಸುರಿಯದಿದ್ದರೆ ವರ್ಷವಿಡೀ ಮನೆ ಒಣಗುತ್ತದೆ. ಡೊರಿನ್ ತನ್ನ ಲೋಟವನ್ನೂ ಇವನಿಗೇ ಕೊಟ್ಟು, "ಕುಡಿಯೋ, ನಾಲಿಗೆ ಬಿಚ್ಚುತ್ತೆ," ಎಂದ.

ಬಿಚ್ಚಿತು ನೋಡು! ಅಂಗಳದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದ. ಉತ್ತಿದ್ದು, ಬಿತ್ತಿದ್ದು, ಕೊಯ್ದದ್ದು, ಹಾಡಿನ ಕೊನೆಗೆ ಬರುವ ಆ ಗಿರಣಿ ಹೆದರಿ ಕಾಲುಕಿತ್ತು ಓಡಿಹೋದದ್ದು, ಎಲ್ಲ. ಅವನ ಧ್ವನಿ ಅಷ್ಟು ದಪ್ಪಗಿದೆಯೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಊರನ್ನೆಲ್ಲ ಸುತ್ತಿದರು. ಪಾದ್ರಿಯ ಮನೆಯಲ್ಲಿ ಇವನ ಹಾಡಿಗೆ ಪಾದ್ರಿಯ ಹೆಂಡತಿ ಅತ್ತಳಂತೆ. ಹುಡುಗರು ಇವನನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಮರುದಿನ ತಲೆ ಹಿಡಿದುಕೊಂಡು ಮಲಗಿದ್ದ. ನಕ್ಕೆ. ಗಂಡಸಾದ.

ಕೀಲಿ ಅವನ ಕೊರಳಲ್ಲೇ ಇದೆ, ಶಿಲುಬೆಯ ದಾರದಲ್ಲೇ ಕಟ್ಟಿಕೊಂಡಿದ್ದಾನೆ. ವಾರ್ಯಾ ಒಂದು ಸಲವೂ ಕೇಳಿಲ್ಲ. ಆದರೂ ನನಗೆ ನಂಬಿಕೆಯಿಲ್ಲ. ಅವಳು ಈಗ ಡ್ರೈವರನಿಗೆ ಕಾಟ ಕೊಟ್ಟು ಟ್ರ್ಯಾಕ್ಟರು ಓಡಿಸುವುದನ್ನು ಕಲಿಯುತ್ತಿದ್ದಾಳೆ.

ಅಪ್ಪ


ಪಾದುವಾ
೮ ಫೆಬ್ರವರಿ ೨೦೦೪

ಅಪ್ಪಾ,

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲಿ ಕುಳಿತು ಓದಿದೆ, ಆಮೇಲೆ ಬಚ್ಚಲಿನಲ್ಲಿ ನಿಂತು ಇನ್ನೊಮ್ಮೆ ಓದಿದೆ, ಸಿನ್ಯೋರಾ ನನ್ನ ಅಳು ನೋಡಬಾರದೆಂದು. ನನ್ನ ಎಮಿಲ್ ಅಂಗಳದಲ್ಲಿ ನಿಂತು ಹಾಡಿದನೇ? ನಾನು ಹೊರಡುವ ದಿನ ವ್ಯಾನಿನ ಕಿಟಕಿಯ ಹತ್ತಿರ ನಿಂತು ಒಂದು ಮಾತೂ ಆಡದೆ ನನ್ನ ಕೈಗೆ ಒಂದು ಸೇಬು ಇಟ್ಟಿದ್ದ. ಆ ಹುಡುಗ ಪಾದ್ರಿಯ ಮನೆಯಲ್ಲಿ ಹಾಡಿದನೇ?

ಗೆಳೆಯರಾದರಲ್ಲ, ಅದೇ ದೊಡ್ಡದು. ಅವರು ಮನೆಗೆ ಬಂದರೆ ಬೈಯಬೇಡಿ. ಏನಾದರೂ ಕೊಟ್ಟು ಕೂರಿಸಿ. ಒಂಟಿಯಾಗಿ ಬೆಳೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಇಲ್ಲಿ ಭಾನುವಾರ ನಮ್ಮ ಕಡೆಯ ಹೆಂಗಸರೆಲ್ಲ ಪಾರ್ಕಿನಲ್ಲಿ ಸೇರುತ್ತಾರೆ, ನಾನು ಬೆಂಚಿನ ತುದಿಯಲ್ಲಿ ಕುಳಿತು ಎದ್ದು ಬರುತ್ತೇನೆ.

ಈಗ ನಿದ್ದೆ ಚೆನ್ನಾಗಿ ಬರುತ್ತಿದೆ, ಚಿಂತೆ ಬೇಡ.

ಎಲ್ಲ ಹುಡುಗರಿಗೂ ಚಾಕೊಲೇಟು ಕಳಿಸಿದ್ದೇನೆ. ವಾರ್ಯಾಗೆ ಬೇರೆ ಕಳಿಸಿಲ್ಲ. ಮೊದಲು ಅವಳು ದಾರಿಗೆ ಬರಲಿ.

ರಾಯಿಸಾ


ಲುಂಕಾ
೨೧ ಏಪ್ರಿಲ್ ೨೦೦೪

ರಾಯಿಸಾ,

ಹಿರಿಯರ ಈಸ್ಟರ್ ಮುಗಿಯಿತು. ಸ್ಮಶಾನದಲ್ಲಿ ನಿನ್ನ ಅಮ್ಮನ ಮತ್ತು ಅನತೋಲನ ಗೋರಿಗೆ ಸುಣ್ಣ ಬಳಿದು, ಬಟ್ಟೆ ಹಾಸಿ, ಕೊಲಾಚ್ ರೊಟ್ಟಿ, ಬಣ್ಣದ ಮೊಟ್ಟೆ, ವೈನು ಇಟ್ಟೆವು. ಎಮಿಲ್ ಲೋಟ ಹಿಡಿದು ಗೋರಿಯಿಂದ ಗೋರಿಗೆ ಹೋದ. ಸತ್ತವರ ಹೆಸರಿನಲ್ಲಿ ಕೊಟ್ಟ ಲೋಟವನ್ನು ಯಾರು ತಾನೇ ಬೇಡ ಅಂದಾರು? ಅವನಂತೂ ಯಾರಿಗೂ ಬೇಡ ಅನ್ನಲಿಲ್ಲ. ಎಲ್ಲ ಮುದುಕಿಯರನ್ನೂ ಮಾತಾಡಿಸಿದ. "ಇವ್ನು ನಿನ್ನ ಮೊಮ್ಮಗನಾ? ಮೂಗ ಅನ್ಕೊಂಡಿದ್ದೆ ಕಣೋ!" ಎಂದಳು ಪಕ್ಕದ ಗೋರಿಗೆ ಬಂದಿದ್ದ ಮುದುಕಿ. ನನಗೆ ಎದೆಯುಬ್ಬಿತು.

ಸಂಜೆಯಾದರೆ ಗೇಟಿನ ಹತ್ತಿರ ಡೊರಿನ್‌ನ ಗುಂಪು. "ಎಮಿಲ್! ಏ ಎಮಿಲ್!" ಎಂದು ಕೂಗುತ್ತಾರೆ. ಹಿಂದೆ ಈ ಹೆಸರನ್ನು ಮೇಷ್ಟ್ರ ಹಾಜರಿಯಲ್ಲಿ ಬಿಟ್ಟರೆ ಯಾರೂ ಕರೆದದ್ದಿಲ್ಲ. ಶಾಲೆಯಿಂದ ಒಂದೆರಡು ದೂರು ಬಂದಿವೆ, ಬೆಳಗಿನ ತರಗತಿಯಲ್ಲಿ ತೂಕಡಿಸುತ್ತಾನಂತೆ. ಬೆಳೆಯುವ ಹುಡುಗ, ನಿದ್ದೆ ಬೇಕು.

ಸಂತೋಷ ಇಷ್ಟೇ. ಈಗ ಬೇಸರದ ವಿಷಯ. ಮೊನ್ನೆ ಪೀಪಾಯಿಗೆ ಬಡಿದು ನೋಡಿದರೆ ಅರ್ಧಕ್ಕಿಂತ ಮೇಲೆ ಟೊಳ್ಳು ಸದ್ದು. ನಾನು ಊಟಕ್ಕೆ ಒಂದು ಲೋಟದ ಗಿರಾಕಿ, ನಿನಗೆ ಗೊತ್ತು. ವಾರ್ಯಾಳನ್ನು ಕರೆದು ಕೇಳಿದೆ. "ನಾನಲ್ಲ," ಎಂದಳು. ಮತ್ತೆ ಕೇಳಿದೆ. "ಕೀಲಿ ಯಾರ ಹತ್ರ ಇದೆ ತಾತ?" ಎಂದಳು. ಕದ್ದದ್ದೂ ಅಲ್ಲದೆ ತಮ್ಮನ ಮೇಲೆ ಹಾಕುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಎಮಿಲ್ ಅಲ್ಲೇ ನಿಂತಿದ್ದ, ನೆಲ ನೋಡುತ್ತಿದ್ದ. ಪಾಪ, ಅಕ್ಕನಿಗೆ ಹೊಡೆದದ್ದನ್ನು ಅವನಿಂದ ಸಹಿಸಲಾಗಲಿಲ್ಲ.

ಅಂದಿನಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ. ದ್ರಾಕ್ಷಿತೋಟದ ಕೆಲಸವನ್ನೆಲ್ಲ ಮಾಡುತ್ತಾಳೆ, ಮುದ್ದೆ ತೊಳಸುತ್ತಾಳೆ, ತಟ್ಟೆ ಇಡುತ್ತಾಳೆ, ಹೋಗುತ್ತಾಳೆ.

ಅಪ್ಪ


ಪಾದುವಾ
೧೬ ಮೇ ೨೦೦೪

ಅಪ್ಪಾ,

ಹೊಡೆದದ್ದು ತಪ್ಪು ಎನ್ನಲಾರೆ. ನಾನಿದ್ದರೆ ನಾನೂ ಹೊಡೆಯುತ್ತಿದ್ದೆ. ಆ ರಕ್ತವನ್ನು ಈಗಲೇ ಹಿಡಿಯದಿದ್ದರೆ ಮುಂದೆ ಹಿಡಿಯಲಾಗದು.

ಎಮಿಲ್ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದೆ. ಕಳೆದ ಶನಿವಾರ ಸಂಜೆ ಎಷ್ಟು ನಗಿಸಿದ ಗೊತ್ತೇ? ಪಾದ್ರಿಯ ಹೆಂಡತಿಯ ನಡಿಗೆಯನ್ನು, ಗೆನಾಡಿಯ ಕೆಮ್ಮನ್ನು ಅಣಕಿಸಿದ. ಫೋನಿನ ಕಾರ್ಡು ಮುಗಿಯುವವರೆಗೆ ಇಬ್ಬರೂ ನಕ್ಕೆವು. ಆ ಖುಷಿಗೆ ಬುಧವಾರ ಬೆಳಿಗ್ಗೆ ಮತ್ತೆ ಕರೆದೆ. ಬೇರೆ ಯಾರೋ ಫೋನು ಎತ್ತಿದ ಹಾಗಿತ್ತು. "ಹೂಂ," ಎಂದ. "ಸರಿ," ಎಂದ. "ಬಿಸಿಲು ಜಾಸ್ತಿ," ಎಂದ. ಅಷ್ಟೇ. ಬೆಳಗಿನ ಹೊತ್ತು ಸಾಲಿನಲ್ಲಿ ಜನ ಇದ್ದರೇನೋ, ಸಂಕೋಚವಾಗಿರಬೇಕು.

ಇನ್ನು ಮೇಲೆ ಸಂಜೆಯೇ ಕರೆಯುತ್ತೇನೆ.

ಸಿನ್ಯೋರಾಗೆ ಆರೋಗ್ಯ ಸರಿಯಿಲ್ಲ. ಬೇಸಿಗೆಯಲ್ಲಿ ಅವರನ್ನು ಬೆಟ್ಟದ ಊರಿಗೆ ಕರೆದೊಯ್ಯುತ್ತಾರೆ, ನಾನೂ ಹೋಗಬೇಕು. ಪತ್ರ ತಡವಾದರೆ ಗಾಬರಿಯಾಗಬೇಡಿ.

ರಾಯಿಸಾ


ಜಿಲ್ಲಾ ಆಸ್ಪತ್ರೆ
೧೨ ಅಕ್ಟೋಬರ್ ೨೦೦೪

ರಾಯಿಸಾ,

ಮೊದಲು ಇದನ್ನು ಓದು: ಎಮಿಲ್ ಬದುಕಿದ್ದಾನೆ. ಉಸಿರಾಡುತ್ತಿದ್ದಾನೆ, ನನ್ನನ್ನು ಗುರುತು ಹಿಡಿದ. ಇದನ್ನು ಓದಿಯಾದ ಮೇಲೆ ಮುಂದಕ್ಕೆ ಓದು.

ಫೋನು ಮಾಡಲು ಹೋದೆ. ನೀನಿನ್ನೂ ಬೆಟ್ಟದಲ್ಲೇ ಇರಬೇಕು, ಅಲ್ಲಿಯ ಮನೆಯ ನಂಬರು ನನ್ನ ಹತ್ತಿರ ಇಲ್ಲ. ಗೆನಾಡಿ ನಾಳೆ ಹೊರಡುತ್ತಾನೆ, ನೀನು ಎಲ್ಲಿದ್ದರೂ ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ.

ಶನಿವಾರ ಮಧ್ಯಾಹ್ನ. ಹೊಸ ರಸ ಹುದುಗಲು ಶುರುವಾಗಿ ನಾಲ್ಕೈದು ದಿನವಾಗಿತ್ತು. ನಾನು ಮತ್ತು ವಾರ್ಯಾ ತೋಟದಿಂದ ಕೊನೆಯ ಗಾಡಿ ತಂದೆವು. ಗೇಟಿನ ಹತ್ತಿರ ಡೊರಿನ್‌ನ ಗುಂಪು ನಿಂತಿತ್ತು. ನಮ್ಮನ್ನು ಕಂಡದ್ದೇ ಓಡಿತು. ಒಬ್ಬ ಮಾತ್ರ ಓಡುತ್ತಲೇ ತಿರುಗಿ, "ಅವ್ನು ಕೆಳಗೆ ಹೋಗಿ ತುಂಬಾ ಹೊತ್ತಾಯ್ತು, ಕೂಗಿದ್ರೂ ಬರ್ತಿಲ್ಲ!" ಎಂದ.

ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಮೇಣದಬತ್ತಿ ಹೊರಗಿನ ಗೂಡಿನಲ್ಲೇ ಇತ್ತು, ಹಚ್ಚಿರಲಿಲ್ಲ. ನಾನು ಹಚ್ಚಿಕೊಂಡು ಇಳಿದೆ. ಮೂರನೆಯ ಮೆಟ್ಟಿಲಿನಲ್ಲಿ ಆರಿಹೋಯಿತು. ಕೆಳಗೆ ಅವನ ನೀಲಿ ಜಾಕೆಟ್ಟು ಕಾಣುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ, ರಾಯಿಸಾ. ಆರಿದ ಬತ್ತಿ ಹಿಡಿದು ನಿಂತೆ. ಕಾಲು ಕೆಳಗೆ ಹೋಗಲಿಲ್ಲ, ಮೇಲಕ್ಕೂ ಬರಲಿಲ್ಲ.

ವಾರ್ಯಾ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡಳು, ನದಿಗೆ ಹಾರುವ ಮುಂಚೆ ಮಾಡುತ್ತಾಳಲ್ಲ, ಹಾಗೆ. ಇಳಿದಳು. ನಾನು ಮೇಲಿನಿಂದ ಹೆಸರು ಹಿಡಿದು ಕೂಗುತ್ತಿದ್ದೆ. ಅವಳು ಉತ್ತರ ಕೊಡಲಿಲ್ಲ, ಬಾಯಿ ತೆರೆಯಲೇ ಇಲ್ಲ. ಅವನ ಕಂಕುಳಿಗೆ ಕೈ ಹಾಕಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತುತ್ತಾ ಎಳೆದುಕೊಂಡು ಬಂದಳು. ಅಂಗಳಕ್ಕೆ ಬಂದ ಮೇಲೆ ಬಿಟ್ಟ ಉಸಿರು ನನಗೆ ಇನ್ನೂ ಕೇಳಿಸುತ್ತಿದೆ. ಆ ನದಿಯ ಪಂದ್ಯಗಳಿಗಾಗಿ ಅವಳಿಗೆ ಎಷ್ಟು ಬೈದಿದ್ದೆ!

ಡಾಕ್ಟರಮ್ಮ ಕೇಳಿದರು, "ಎಷ್ಟು ದಿನದಿಂದ ಕುಡೀತಿದ್ದಾನೆ?"

"ಇವ್ನು ಕುಡಿಯೋ ಹುಡುಗ ಅಲ್ಲಮ್ಮ," ಎಂದೆ.

ವಾರ್ಯಾ ಗೋಡೆಗೆ ಒರಗಿ ನಿಂತಿದ್ದಳು. "ತಾತ ಸುಳ್ಳು ಹೇಳ್ತಿಲ್ಲ ಡಾಕ್ಟ್ರೇ. ಅವರಿಗೆ ಗೊತ್ತಿಲ್ಲ. ಹೊಸ ವರ್ಷದಿಂದ. ಈಗೀಗ ದಿನಾ," ಎಂದಳು.

ನಾನು ಅವಳಿಗೆ, "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು, ಅಷ್ಟೇ.

ಎರಡನೆಯ ದಿನ ಅವನ ಕೈ ನಡುಗಲು ಶುರುವಾಯಿತು. ಚಮಚ ಹಿಡಿಯಲಾಗಲಿಲ್ಲ. ವಿಷಗಾಳಿಯಿಂದ ಎಂದುಕೊಂಡೆ. "ಅಲ್ಲ, ವೈನು ಇಲ್ಲದ್ದಕ್ಕೆ," ಎಂದರು ಡಾಕ್ಟರಮ್ಮ. ಹದಿನೈದರ ಹುಡುಗನಿಗೆ! ನಾನು ಅವನ ಮಂಚದ ಪಕ್ಕ ಕುಳಿತು, "ಯಾಕೋ ಮಗಾ?" ಎಂದೆ. ಅವನು ಹೇಳಿದ, "ತಾತ, ಒಂದು ಲೋಟ ಕುಡಿದ್ರೆ ನಾನೂ ಎಲ್ಲರ ಥರ ಆಗ್ತೀನಿ. ಅವರು ಕರೀತಾರೆ. ಕೀಲಿ ನನ್ನ ಹತ್ರ ಇತ್ತಲ್ಲ, ತಂದ್ಕೊಡು ಅಂದ್ರು. ನಂಗೆ ಬೇಡ ಅನ್ನೋಕೆ ಬರಲ್ಲ."

ಇಷ್ಟು ದಿನ ಈ ಗುಣವನ್ನೇ ನಾನು ಊರೆಲ್ಲ ಹೊಗಳಿಕೊಂಡು ತಿರುಗಿದ್ದೆ.

ಅಪ್ಪ


ಪಾದುವಾ
೨ ನವೆಂಬರ್ ೨೦೦೪

ಅಪ್ಪಾ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಐದು ಸಲ ಬರೆಯಲು ಕುಳಿತೆ. ಫೋನಿನಲ್ಲಿ ಆಸ್ಪತ್ರೆಯವರು ಹೇಳಿದ್ದೆಲ್ಲ ಕೇಳಿಸಿಕೊಂಡೆ, ಎಮಿಲ್ ಜೊತೆಗೂ ಮಾತಾಡಿದೆ. ಇಬ್ಬರೂ ಹೆಚ್ಚೇನೂ ಆಡಲಿಲ್ಲ. ಆದರೆ ಮೌನದಲ್ಲಿ ಅವನಿದ್ದ, ನಾನಿದ್ದೆ.

ನಿಮಗೆ ಒಂದು ಮಾತು ಕೇಳಬೇಕು. ಅನತೋಲ್ ನಮ್ಮ ಮನೆಗೆ ಹೆಣ್ಣು ಕೇಳಲು ಬಂದ ದಿನ ನೆನಪಿದೆಯೇ? ಒಬ್ಬನೇ ಬಂದಿದ್ದ. ಹೊಸಿಲ ಹತ್ತಿರ ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತೇ ಇದ್ದ. ಅಮ್ಮ ಕುರ್ಚಿ ಕೊಟ್ಟಳು, ಕೂರಲಿಲ್ಲ. ಏನು ಬಂದೆ ಎಂದು ನೀವು ಕೇಳಿದಿರಿ, ಬಾಯಿ ತೆರೆದು ಮುಚ್ಚಿದ. ಅವನ ಕಿವಿಗಳು ಕೆಂಪಾಗಿದ್ದವು. ನಾನು ಒಲೆಯ ಪಕ್ಕದಿಂದ ನೋಡುತ್ತಿದ್ದೆ. ಆ ಕಿವಿಗಳಿಗೇ ನಾನು ಸೋತದ್ದು. ಆಗ ನೀವು ನಗುತ್ತಾ ಕೆಳಗೆ ಹೋಗಿ ಹೂಜಿ ತಂದು, "ಮೊದ್ಲು ಕುಡಿಯಪ್ಪ, ಆಮೇಲೆ ಹೇಳುವೆಯಂತೆ," ಎಂದಿರಿ. ಕುಡಿದ, ಹೇಳಿದ. ಎರಡನೆಯದು ಕುಡಿದ ಮೇಲೆ ಹಾಡಿದ.

ಇದನ್ನು ನಿಮ್ಮ ಮೇಲೆ ಹಾಕಲು ಬರೆಯುತ್ತಿಲ್ಲ. ನೀವಲ್ಲದಿದ್ದರೆ ಇನ್ನೊಬ್ಬರು ಸುರಿಯುತ್ತಿದ್ದರು. ಆದರೆ ನಾವೆಲ್ಲ ಅವನನ್ನು ಅಬ್ಬರದ ಮನುಷ್ಯ ಎಂದೇ ನೆನಪಿಟ್ಟುಕೊಂಡೆವು. ಅಬ್ಬರ ವೈನಿನದು, ಅಪ್ಪಾ. ಮನುಷ್ಯ ಎಮಿಲ್‌ನ ಹಾಗಿದ್ದ. ಮದುವೆಯಾದ ಮೊದಲ ವರ್ಷ ಅಂಗಡಿಗೆ ಹೋಗಿ ಉಪ್ಪು ಕೇಳಲು ನಾಚಿ ಬರಿಗೈಯಲ್ಲಿ ವಾಪಸು ಬರುತ್ತಿದ್ದ. ನಾನು ಅದನ್ನು ಮರೆತೆ. ಮೇಜಿನ ಮೇಲೆ ಹತ್ತಿದ್ದನ್ನು ಮಾತ್ರ ನೆನಪಿಟ್ಟುಕೊಂಡು ಅದನ್ನೇ ವಾರ್ಯಾಳಲ್ಲಿ ಹುಡುಕಿದೆ. ಅವಳು ಒಂದು ಸಲ ಕುಡಿದು ಹುಳಿ ಎಂದು ಬಿಟ್ಟವಳು. ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ. ಬೇಕಾದವನ ಕೊರಳಿಗೆ ನಾನೇ ಇಲ್ಲಿ ಕುಳಿತು ಕೀಲಿ ಕಟ್ಟಿಸಿದೆ.

ಇನ್ನೊಂದು ವಿಷಯ. ಇದನ್ನು ಯಾರಿಗೂ ಹೇಳಿಲ್ಲ. ಸಿನ್ಯೋರಾಗೆ ನಿದ್ದೆಗೆಂದು ಕೊಡುವ ಹನಿಔಷಧಿ ಇದೆ. ಕಳೆದ ವರ್ಷ ಚಳಿಗಾಲದಿಂದ ನಾನೂ ಹಾಕಿಕೊಳ್ಳುತ್ತಿದ್ದೇನೆ. ಮೊದಲು ರಾತ್ರಿಗೆ, ಆಮೇಲೆ ಭಾನುವಾರದ ಪಾರ್ಕಿಗೆ, ಆಮೇಲೆ ನಿಮಗೆಲ್ಲ ಫೋನು ಮಾಡುವ ಮುಂಚೆ. ಇಲ್ಲದಿದ್ದರೆ ಧ್ವನಿ ನಡುಗಿ ಮಕ್ಕಳು ಹೆದರುತ್ತಿದ್ದರು. ಮೇ ತಿಂಗಳ ಆ ಶನಿವಾರ ಕಾರ್ಡು ಮುಗಿಯುವವರೆಗೆ ನಕ್ಕೆವು ಎಂದು ಬರೆದಿದ್ದೆನಲ್ಲ. ಆ ಕಡೆ ವೈನು, ಈ ಕಡೆ ಹನಿ. ತಾಯಿ ಮಗ ಇಬ್ಬರೂ ಆ ಫೋನಿನಲ್ಲಿ ಇರಲಿಲ್ಲ.

ಅವನು ನನ್ನ ಹಾಗೆ ಎಂದು ಎಷ್ಟು ಹೆಮ್ಮೆಯಿಂದ ಬರೆದಿದ್ದೆ!

ವಾರ್ಯಾಗೆ ಬೇರೆ ಪತ್ರ ಇಟ್ಟಿದ್ದೇನೆ. ಬಿಚ್ಚಬೇಡಿ.

ರಾಯಿಸಾ


ಲುಂಕಾ
೧೬ ಜನವರಿ ೨೦೦೫

ಪ್ರೀತಿಯ ರಾಯಿಸಾ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಟೋಪಿಯ ವಿಷಯ ನೆನಪಿದೆ. ಅನತೋಲ್ ಹೋಗುವಾಗ ಅದನ್ನು ಇಲ್ಲೇ ಮರೆತಿದ್ದ, ನಾನೇ ಗೇಟಿನವರೆಗೆ ಹೋಗಿ ಕೊಟ್ಟಿದ್ದೆ. ಒಳ್ಳೆಯ ಹುಡುಗ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಿ ಆಗುವುದಿಲ್ಲ.

ಪೀಪಾಯಿಗಳನ್ನು ಮಾರಿದೆ. ಒಂದನ್ನು ಉಳಿಸಿದ್ದೇನೆ, ನನ್ನ ಮಣ್ಣಿನ ದಿನ ಬಂದವರಿಗೆ ಕೊಡಲು. ಅದಿಲ್ಲದೆ ಹೋದರೆ ಊರವರು ನನ್ನನ್ನು ಗೋರಿಯಿಂದ ಎಬ್ಬಿಸಿ ಬೈಯುತ್ತಾರೆ. ಕೀಲಿ ವಾರ್ಯಾಳ ಹತ್ತಿರ ಇದೆ. ಅವಳಿಗೆ ಕ್ಷಮಿಸು ಎಂದು ಹೇಳಲು ಮೂರು ಸಲ ಹೋದೆ, ಮೂರು ಸಲವೂ ಹವಾಮಾನದ ಮಾತಾಡಿ ಬಂದೆ. ಕೊನೆಗೆ ಅವಳ ಬೂಟುಗಳಿಗೆ ಎಣ್ಣೆ ಹಚ್ಚಿ ಒಲೆಯ ಹತ್ತಿರ ಇಟ್ಟೆ. ಹಾಕಿಕೊಂಡಳು. "ಬೆಚ್ಚಗಿದೆ ತಾತ," ಎಂದಳು. ಏಪ್ರಿಲ್‌ನಿಂದ ಈಚೆಗೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಎಮಿಲ್ ಮೂರು ತಿಂಗಳಿನಿಂದ ಮುಟ್ಟಿಲ್ಲ. ಒಂದು ಸಲ ಬಿಟ್ಟು, ನವೆಂಬರಿನಲ್ಲಿ. ಮುಚ್ಚಿಟ್ಟು ನಿನಗೆ ಇನ್ನು ಯಾವ ಪತ್ರವನ್ನೂ ಬರೆಯುವುದಿಲ್ಲ. ಗೇಟಿನ ಹತ್ತಿರ ಈಗ ಯಾರೂ ಬರುವುದಿಲ್ಲ. ಸಂಜೆ ಅವನು ಕಿಟಕಿಯ ಹತ್ತಿರ ಕುಳಿತಿರುತ್ತಾನೆ. ಅದನ್ನು ನೋಡುವುದು ಬಹಳ ಕಷ್ಟ. ಹಳೆಯ ಎಮಿಲ್ ವಾಪಸು ಬಂದ, ಆದರೆ ಈಗ ಅವನಿಗೆ ತನ್ನ ಒಂಟಿತನ ಗೊತ್ತು.

ಹೊಸ ವರ್ಷದ ಸಂಜೆ ಬಂತು. ತಂಡ ನಮ್ಮ ಬೀದಿಗೆ ಬಂತು. ಡೊರಿನ್ ಗೇಟಿನ ಆಚೆಯೇ ನಿಂತು, "ಇವ್ನು ಕುಡೀದೆ ಬಾಯಿ ಬಿಡಲ್ಲ, ಬನ್ರೋ," ಎಂದದ್ದು ಒಳಗೆ ಕೇಳಿಸಿತು. ಗಂಟೆಯ ಸದ್ದು ಮುಂದಿನ ಮನೆಗೆ ಹೋಯಿತು. ಎಮಿಲ್ ಎದ್ದು ಒಲೆಗೆ ಸೌದೆ ಹಾಕಿದ. ಸೌದೆ ಬೇಕಾಗಿರಲಿಲ್ಲ.

ವಾರ್ಯಾ ಹೊರಗೆ ಹೋದಳು. ಬಂದಾಗ ಕೈಯಲ್ಲಿ ಮೇಕೆಯ ಕೊರಳ ಗಂಟೆ. "ಏಳೋ," ಎಂದಳು.

"ಹುಡುಗೀರು ಹೋಗಲ್ಲ ಇದಕ್ಕೆ," ಎಂದ ಇವನು.

"ಹುಡುಗೀರು ಟ್ರ್ಯಾಕ್ಟರೂ ಓಡ್ಸಲ್ಲ. ಏಳು, ಇಲ್ಲಾಂದ್ರೆ ನಾನೇ ಹಾಡ್ತೀನಿ, ನನ್ನ ದನಿ ಗೊತ್ತಲ್ಲ ನಿಂಗೆ?"

ಎಳೆದುಕೊಂಡೇ ಹೋದಳು. ಬೇರೆಲ್ಲಿಗೂ ಅಲ್ಲ, ನಮ್ಮದೇ ಅಂಗಳಕ್ಕೆ. ನಾನು ಬಾಗಿಲು ತೆರೆದು ನಿಂತೆ. ಹಿಮ ಬೀಳುತ್ತಿತ್ತು. ಅವಳು ಗಂಟೆ ಬಾರಿಸಿದಳು. ಇವನು ಬಾಯಿ ತೆರೆದ, ಮುಚ್ಚಿದ. ಕಿವಿಗಳು ಕೆಂಪಾದವು. ಅವಳು ಮತ್ತೆ ಬಾರಿಸಿದಳು. ನಾನು ಚಳಿಯಲ್ಲಿ ಕಾದೆ, ಎಷ್ಟು ಹೊತ್ತಾದರೂ ಕಾಯಬಹುದು ಎಂದುಕೊಂಡೆ. ಕೊನೆಗೆ ಶುರು ಮಾಡಿದ. ಸಣ್ಣ ದನಿ, ಹೋದ ವರ್ಷದ್ದಲ್ಲ. ಉಳುಮೆಯವರೆಗೆ ಬಂದ, ನಿಂತ. ಬಿತ್ತನೆಯಲ್ಲಿ ಒಂದು ಸಾಲು ಬಿಟ್ಟ. ಕೊಯ್ಲಿನ ಹತ್ತಿರ ಮರೆತೇ ಹೋಯಿತು. ಗಿರಣಿಯವರೆಗೆ ತಲುಪಲಿಲ್ಲ. ಹೋದ ವರ್ಷದ ಹಾಡಿಗೆ ಪಾದ್ರಿಯ ಹೆಂಡತಿ ಅತ್ತಳಂತೆ. ಈ ವರ್ಷದ ಹಾಡಿಗೆ ನಾನು ಅತ್ತೆ.

ಆಮೇಲೆ ನೋಡು ಏನು ಮಾಡಿದೆ. ಅರವತ್ತು ವರ್ಷದ ಅಭ್ಯಾಸ. ಹಾಡು ಮುಗಿದದ್ದೇ ನನ್ನ ಕೈ ತಾನಾಗಿ ಬಾಗಿಲ ಪಕ್ಕದ ಮೇಜಿನ ಕಡೆಗೆ ಹೋಯಿತು. ಪಕ್ಕದ ಮನೆಯವರು ಹಬ್ಬಕ್ಕೆಂದು ಕಳಿಸಿದ ಹೂಜಿ ಅಲ್ಲಿತ್ತು. ನೋಡುತ್ತಿದ್ದ ಹಾಗೇ ಲೋಟ ತುಂಬಿ ಅವನ ಮುಂದೆ ಹಿಡಿದುಬಿಟ್ಟಿದ್ದೆ. ವಾರ್ಯಾ, "ತಾತಾ!" ಎಂದು ಕಿರುಚಿದಳು. ನನ್ನ ಕೈ ಹಿಂದಕ್ಕೆ ಬರಲಿಲ್ಲ. ಆ ನೆಲಮಾಳಿಗೆಯ ಮೆಟ್ಟಿಲಿನಲ್ಲಿ ನಿಂತ ಹಾಗೇ ನಿಂತುಬಿಟ್ಟೆ.

ಎಮಿಲ್ ಲೋಟ ನೋಡಿದ. ಆಮೇಲೆ ನನ್ನ ಮುಖ ನೋಡಿದ, ನಾನು ನೊಂದುಕೊಳ್ಳುತ್ತೇನೋ ಎಂದು.

"ಬೇಡ ತಾತ," ಎಂದ.

ಹುಟ್ಟಿದಾಗಿನಿಂದ ಆ ಹುಡುಗ ಯಾರಿಗೂ ಹೇಳದ ಮಾತು. ನಾಳೆ ಹೇಳುತ್ತಾನೋ ಇಲ್ಲವೋ ಗೊತ್ತಿಲ್ಲ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅವತ್ತು ಹೇಳಿದ. ನಾನು ಲೋಟವನ್ನು ಹಿಮಕ್ಕೆ ಚೆಲ್ಲಿ ಅವನ ಜೇಬಿಗೆ ಅಕ್ರೋಟು ತುಂಬಿದೆ.

ನಿನ್ನ ಹನಿಯ ವಿಷಯ ಓದಿದೆ. ಅವನಿಗೂ ಓದಿ ಹೇಳಿದೆ, ಬೈಯುವುದಾದರೆ ಬೈದುಕೋ. ಅವನು ಸುಮ್ಮನೆ ಕೇಳಿಸಿಕೊಂಡು, "ಅಮ್ಮಂಗೂ ನನ್ ಥರಾನೇ ಆಗುತ್ತಾ?" ಎಂದ. ಆ ರಾತ್ರಿ ಬಹಳ ದಿನಗಳ ಮೇಲೆ ಪೂರ್ತಿ ಊಟ ಮಾಡಿದ.

ನಿನ್ನ ಪರವಾನಗಿ, ಗಡಿ ಎಲ್ಲ ನನಗೆ ಅರ್ಥವಾಗುವುದಿಲ್ಲ. ಬಾ ಎಂದು ಹೇಳಿ ನಿನ್ನ ಹೊಟ್ಟೆಯ ಮೇಲೆ ಹೊಡೆಯಲಾರೆ. ಗೆನಾಡಿ ಮಾರ್ಚಿನಲ್ಲಿ ವಾಪಸು ಬರುವಾಗ ಒಂದು ಸೀಟು ಖಾಲಿ ಇರುತ್ತದಂತೆ. ನೀನು ಬಂದರೆ ಬೇಡ ಅನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ.

ನಿನ್ನ ಅಪ್ಪ